ಪಾಸ್‌ವರ್ಡ್ ಕದಿಯದ ಕಳ್ಳನ ಇತಿಹಾಸ

ಜಾಲತಾಣಕ್ಕೆ ಕನ್ನ ಹಾಕಲು ಪಾಸ್‌ವರ್ಡ್ ಕದಿಯಲೇಬೇಕು ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದೇವೆ. ಹಾಗೇನಿಲ್ಲ. ಯಜಮಾನನ ಕೈಯಿಂದಲೇ ಬಾಗಿಲು ತೆಗೆಸುವ ಕಳ್ಳತನವೂ ಉಂಟು. ಅದರ ಹೆಸರು ಕ್ರಾಸ್-ಸೈಟ್ ರಿಕ್ವೆಸ್ಟ್ ಫೋರ್ಜರಿ, ಚಿಕ್ಕದಾಗಿ ಸಿಎಸ್‌ಆರ್‌ಎಫ್. ಅಂದರೆ ಬೇರೆ ತಾಣದ ಮೂಲಕ ಕಳಿಸುವ ಖೊಟ್ಟಿ ಕೋರಿಕೆ.

ಇದರ ಬೇರು 1994ರಲ್ಲಿದೆ. ಆ ವರ್ಷ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ 'ಕುಕೀ' ರೂಪಿಸಿದರು. ಇದೊಂದು ಗುರುತಿನ ಚೀಟಿ. ನೀವು ಲಾಗಿನ್ ಆದಾಗ ತಾಣ ಇದನ್ನು ಕೊಡುತ್ತದೆ. ಆಮೇಲೆ ಪ್ರತಿ ಸಲವೂ ಬ್ರೌಸರ್ ಈ ಚೀಟಿಯನ್ನು ತಾನಾಗಿಯೇ ತೋರಿಸುತ್ತದೆ.

ತೊಂದರೆ ಇರುವುದು ಆ 'ತಾನಾಗಿಯೇ' ಎಂಬಲ್ಲಿ. ನೀವು ಲಾಗಿನ್ ಆಗಿರುವಾಗ ಯಾರೋ ಕಳಿಸಿದ ಲಿಂಕ್ ಒತ್ತುತ್ತೀರಿ. ಆ ಪುಟದಲ್ಲಿ ಅಡಗಿಸಿಟ್ಟ ಆಜ್ಞೆ ನಿಮ್ಮ ತಾಣಕ್ಕೆ ಹೋಗುತ್ತದೆ, ಜೊತೆಗೆ ನಿಮ್ಮ ಚೀಟಿಯೂ ಹೋಗುತ್ತದೆ. ಯಜಮಾನರೇ ಹೇಳಿದ್ದಾರೆಂದು ತಾಣ ಕೆಲಸ ಮುಗಿಸುತ್ತದೆ. ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿ ಜಮೀನು ಬರೆಸಿಕೊಂಡ ಕಥೆಗಳನ್ನು ನಾವು ಕೇಳಿದ್ದೇವಲ್ಲ, ಇದೂ ಅದೇ ಬಗೆಯದು. ಹೆಬ್ಬೆಟ್ಟು ನಿಮ್ಮದು, ಪತ್ರ ಬರೆದವರು ಬೇರೆ.

2001ರಲ್ಲಿ ಪೀಟರ್ ವಾಟ್ಕಿನ್ಸ್ ಎಂಬುವರು ಈ ದೋಷಕ್ಕೆ ಹೆಸರಿಟ್ಟರು. ಆದರೂ ಹೆಚ್ಚಿನವರು ತಲೆಕೆಡಿಸಿಕೊಳ್ಳಲಿಲ್ಲ. 2008ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಝೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್, ಐಎನ್‌ಜಿ ಡೈರೆಕ್ಟ್ ಎಂಬ ಆನ್‌ಲೈನ್ ಬ್ಯಾಂಕಿನಲ್ಲೂ ಈ ದೋಷ ಇದ್ದುದನ್ನು ತೋರಿಸಿದರು. ಲಾಗಿನ್ ಆಗಿದ್ದ ಗ್ರಾಹಕರ ಹಣವನ್ನು ಈ ದಾರಿಯಲ್ಲಿ ಬೇರೆ ಖಾತೆಗೆ ಸಾಗಿಸಬಹುದಿತ್ತು. ಬ್ಯಾಂಕು ಆಮೇಲೆ ಅದನ್ನು ಸರಿಪಡಿಸಿತು.

ಮದ್ದು ಅಷ್ಟರಲ್ಲೇ ಗೊತ್ತಿತ್ತು. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಎಂಬ ಉಚಿತ ಸಾಧನದಿಂದ ಯಾರು ಬೇಕಾದರೂ ಜಾಲತಾಣ ಕಟ್ಟಬಹುದು. 2006ರಲ್ಲೇ ಅದಕ್ಕೆ 'ನಾನ್ಸ್' ಎಂಬ ಗುಟ್ಟಿನ ಗುರುತು ಸೇರಿತು. ತಾಣದ ಸ್ವಂತ ಪುಟದಿಂದ ಹೊರಟ ಆಜ್ಞೆಯಲ್ಲಿ ಮಾತ್ರ ಈ ಗುರುತು ಇರುತ್ತದೆ. ಹೊರಗಿನ ಕಳ್ಳನಿಗೆ ಅದು ಸಿಗುವುದಿಲ್ಲ.

ಹಾಗಿದ್ದರೂ ಕಥೆ ಮುಗಿಯಲಿಲ್ಲ. ವರ್ಡ್‌ಪ್ರೆಸ್‌ಗೆ ಹೊಸ ಕೆಲಸ ಕಲಿಸುವ ಪ್ಲಗಿನ್‌ಗಳನ್ನು ಸಾವಿರಾರು ಜನ ಬರೆಯುತ್ತಾರೆ. ಗುರುತನ್ನು ಪರೀಕ್ಷಿಸುವ ಸಾಲನ್ನು ಪ್ರತಿಯೊಬ್ಬರೂ ನೆನಪಿಟ್ಟು ಸೇರಿಸಬೇಕು. ಚಿಲಕ ಇದ್ದರೆ ಸಾಲದು, ಹಾಕಲೂ ಬೇಕು. 2020ರ ಜನವರಿಯಲ್ಲಿ 'ಕೋಡ್ ಸ್ನಿಪೆಟ್ಸ್' ಪ್ಲಗಿನ್‌ನ ಒಂದು ಭಾಗದಲ್ಲಿ ಈ ಪರೀಕ್ಷೆಯೇ ಇಲ್ಲದಿರುವುದು ಪತ್ತೆಯಾಯಿತು. ಆಗ ಅದನ್ನು 2 ಲಕ್ಷಕ್ಕೂ ಹೆಚ್ಚು ತಾಣಗಳು ಬಳಸುತ್ತಿದ್ದವು. ತಾಣ ನೋಡಿಕೊಳ್ಳುವವರು ಒಂದು ತಪ್ಪು ಲಿಂಕ್ ಒತ್ತಿದರೆ ಇಡೀ ತಾಣ ಕಳ್ಳನ ಪಾಲಾಗಬಹುದಿತ್ತು. ತಿದ್ದಿದ ಆವೃತ್ತಿ ಕೆಲವೇ ದಿನಗಳಲ್ಲಿ ಬಂತು. ಆದರೆ ಅಪ್‌ಡೇಟ್ ಮಾಡಿಕೊಂಡವರಿಗಷ್ಟೇ ಅದರ ರಕ್ಷಣೆ.

ಅದೇ ವರ್ಷ ಕ್ರೋಮ್ ಬ್ರೌಸರ್, ಬೇರೆ ತಾಣದಿಂದ ಬರುವ ಬಹುಪಾಲು ಕೋರಿಕೆಗಳಿಗೆ ಕುಕೀ ಕಳಿಸುವುದನ್ನು ನಿಲ್ಲಿಸತೊಡಗಿತು. ಅಪಾಯ ತಗ್ಗಿತು, ಪೂರ್ತಿ ಹೋಗಲಿಲ್ಲ.

ನಿಮ್ಮ ಸಂಘದ, ಶಾಲೆಯ ತಾಣವನ್ನು ನೀವೇ ನೋಡಿಕೊಳ್ಳುತ್ತಿದ್ದರೆ ಪ್ಲಗಿನ್‌ಗಳನ್ನು ಆಗಾಗ ಅಪ್‌ಡೇಟ್ ಮಾಡಿ. ಬೇಡದ್ದನ್ನು ತೆಗೆದುಹಾಕಿ. ಕೆಲಸ ಮುಗಿದ ಕೂಡಲೇ ಲಾಗೌಟ್ ಆಗಿ. ಬಂದವರು ಯಾರೆಂದು ಕೇಳಲು ತಾಣಗಳು ಬೇಗ ಕಲಿತವು. ಈ ಮಾತು ನಿಜಕ್ಕೂ ಅವರದೇನಾ ಎಂದು ಕೇಳುವುದನ್ನು ಇನ್ನೂ ಕಲಿಯುತ್ತಿವೆ.