ಮಾವನ ಪಟ್ಟಿ, ಅಳಿಯನ ಸುರುಳಿ

ಗಾಡಿಯ ಚರಿತ್ರೆಯನ್ನು ಬರೆದವರೆಲ್ಲ ಚಕ್ರವನ್ನು ಹೊಗಳಿದ್ದಾರೆ. ಇರಸಿನ ಯೋಗಕ್ಷೇಮ ಕೇಳಿದವರು ಕಡಮೆ. ಸಂಸ್ಕೃತದ ‘ಅಕ್ಷ’ ನಮ್ಮಲ್ಲಿ ‘ಅಚ್ಚು’ ಆಯಿತು. ಹಳ್ಳಿಯ ಬಡಗಿ ಅದನ್ನು ಇರಸು ಎಂದು ಕರೆದ, ಚಕ್ರ ಕಳಚಿಕೊಳ್ಳದಂತೆ ಅದರ ತುದಿಗೆ ಕಡಾಣಿ ಹೊಡೆದ. ಇರಸಿಗೂ ಗಾಡಿಯ ಮೈಗೂ ಎಂಥ ನಂಟಿರಬೇಕೆಂಬ ಪ್ರಶ್ನೆ ಅವನನ್ನು ಕಾಡಲಿಲ್ಲ. ಎರಡನ್ನೂ ಬಿಗಿದು ಕಟ್ಟಿದರೆ ಮುಗಿಯಿತು. ಚಕ್ರ ಕಲ್ಲು ಹತ್ತಿದರೆ ಕುಳಿತವನ ಬೆನ್ನುಮೂಳೆಯೂ ಹತ್ತುತ್ತಿತ್ತು. ವೇಗವೂ ಬೇಕು, ಸುಖವೂ ಬೇಕು ಎಂದು ಮನುಷ್ಯ ಹಟ ಹಿಡಿದ ಮೇಲೆ ಈ ನಂಟಿನ ಪ್ರಶ್ನೆ ದೊಡ್ಡದಾಯಿತು. ಇಂಗ್ಲೆಂಡಿನ ಒಂದು ಗಾಡಿಯ ವಿಷಯದಲ್ಲಿ ಅದು ಇತ್ಯರ್ಥವಾಗಲು ಮೂವತ್ತೈದು ವರ್ಷಗಳೇ ಹಿಡಿದುವು. ನಾಲ್ಕು ಚಕ್ರಗಳಿಗೂ ಇಂಜಿನ್ನಿನ ಬಲ ಹರಿಯುವ ಲ್ಯಾಂಡ್ ರೋವರ್ ಆ ಗಾಡಿ.

ಸ್ಪ್ರಿಂಗಿನ ವಿದ್ಯೆ ಹೊಸದೇನಲ್ಲ. ಎಳೆತಕ್ಕೆ ತಕ್ಕಂತೆ ಬಲ ಎಂಬ ನಿಯಮವನ್ನು ರಾಬರ್ಟ್ ಹುಕ್ ಕಂಡುಕೊಂಡು, ಬೇರೆಯವರು ಕದಿಯದಿರಲೆಂದು ೧೬೭೬ರಲ್ಲಿ ಅದರ ಲ್ಯಾಟಿನ್ ವಾಕ್ಯದ ಅಕ್ಷರಗಳನ್ನು ಕಲಸಿ ಅಚ್ಚು ಹಾಕಿಸಿದ. ಒಗಟನ್ನು ತಾನೇ ಬಿಡಿಸಿದ್ದು ೧೬೭೮ರಲ್ಲಿ. ನಮ್ಮ ಚಿತ್ರಕವಿಗಳು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಸುರುಳಿ ಸ್ಪ್ರಿಂಗಿಗೆ ಬ್ರಿಟನ್ನಿನಲ್ಲಿ ಪೇಟೆಂಟು ದೊರೆತದ್ದು ೧೭೬೩ರಲ್ಲಿ. ಆದರೆ ರಸ್ತೆಯನ್ನು ಗೆದ್ದದ್ದು ಅದಲ್ಲ, ಪಟ್ಟಿ ಸ್ಪ್ರಿಂಗು. ಒಬಡಾಯ ಎಲಿಯಟ್ ಎಂಬ ಗಾಡಿ ಕಟ್ಟುವವನು ೧೮೦೪ರಲ್ಲಿ ಅಂಥ ಸ್ಪ್ರಿಂಗಿನ ಮೇಲೆ ಕೂತ ಗಾಡಿಗೆ ಪೇಟೆಂಟು ಪಡೆದ ಮೇಲೆ, ತೊಗಲಿನ ಪಟ್ಟಿಗಳಲ್ಲಿ ಮೈಯನ್ನು ತೂಗುಹಾಕುತ್ತಿದ್ದ ಹಳೆಯ ಸಾರೋಟುಗಳ ಕಾಲ ಮುಗಿಯುತ್ತ ಬಂತು.

ಪಟ್ಟಿ ಗೆದ್ದುದಕ್ಕೆ ತಕ್ಕ ಕಾರಣವುಂಟು. ಉದ್ದ ಗಿಡ್ಡ ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ, ಒಂದರ ಕೆಳಗೊಂದು ಜೋಡಿಸಿ, ನಡುವೆ ಬಿಗಿಯುತ್ತಾರೆ. ಒಂದು ತುದಿಯ ಕಣ್ಣನ್ನು ಚಾಸಿಗೆ ನೇರವಾಗಿ ಪೋಣಿಸುತ್ತಾರೆ. ಇನ್ನೊಂದನ್ನು ತೂಗಾಡುವ ಕೊಂಡಿಗೆ ಸಿಕ್ಕಿಸುತ್ತಾರೆ, ಏಕೆಂದರೆ ಬಿಲ್ಲು ಚಪ್ಪಟೆಯಾದಾಗ ಉದ್ದವಾಗುತ್ತದೆ. ನಡುಮಧ್ಯದಲ್ಲಿ ಇರಸು. ಇಲ್ಲಿ ಪಟ್ಟಿ ಮಾಡುವ ಕೆಲಸ ಎರಡು. ಭಾರ ಹೊರುವುದು ಕಣ್ಣಿಗೆ ಕಾಣುವ ಕೆಲಸ. ಇರಸು ಹಿಂದೆ ಮುಂದೆ ಸರಿಯದಂತೆ, ಎಡಬಲ ಜಾರದಂತೆ, ಬ್ರೇಕು ಒತ್ತಿದಾಗ ತನ್ನ ಸುತ್ತ ತಾನೇ ಹೊರಳದಂತೆ ಹಿಡಿದಿಡುವುದು ಕಾಣದ ಕೆಲಸ. ಹಳೆಯ ಕಾಲದ ಶಾನುಭೋಗರಂತೆ ಎನ್ನಬಹುದು: ಅವರು ಲೆಕ್ಕ ಬರೆಯುವುದು ಊರಿಗೆಲ್ಲ ಗೊತ್ತು, ಹೊಲಗಳ ಎಲ್ಲೆಗಳೂ ಅವರ ನೆನಪಿನಲ್ಲೇ ನಿಂತಿದ್ದುವೆಂಬುದು ಅವರು ಹೋದ ಮೇಲೆ ಗೊತ್ತಾಗುವ ಸಂಗತಿ.

ರೋವರ್ ಕಂಪೆನಿಯ ಮಾರಿಸ್ ವಿಲ್ಕ್ಸ್ ಎಂಬಾತನಿಗೆ ಆಂಗ್ಲೆಸಿ ದ್ವೀಪದಲ್ಲಿ ಜಮೀನಿತ್ತು. ಅಲ್ಲಿನ ಕೆಲಸಕ್ಕೆ ಯುದ್ಧದಿಂದ ಮಿಕ್ಕಿದ ಒಂದು ಅಮೆರಿಕನ್ ವಿಲ್ಲೀಸ್ ಜೀಪು. ಅದು ಹಳತಾದರೆ ಮುಂದೇನು ಎಂಬ ಯೋಚನೆಯಿಂದ ಹುಟ್ಟಿದ ಲ್ಯಾಂಡ್ ರೋವರ್ ೧೯೪೮ರ ಏಪ್ರಿಲ್ ೩೦ರಂದು ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಜನರೆದುರು ನಿಂತಿತು. ಉಕ್ಕಿನ ಅಭಾವದ ದಿನಗಳಾದ್ದರಿಂದ ಮೈಗೆ ಅಲ್ಯುಮಿನಿಯಂ ಮಿಶ್ರಲೋಹ. ಕೆಳಗೆ ಜೀಪಿನಂತೆಯೇ ಹಿಂದೆ ಮುಂದೆ ಗಟ್ಟಿ ಇರಸು, ನಾಲ್ಕು ಮೂಲೆಗೂ ಪಟ್ಟಿ ಸ್ಪ್ರಿಂಗು. ಉಳುವವನ ಗಾಡಿಗೆ ಇಷ್ಟು ಸಾಕೆಂದು ಎಲ್ಲರೂ ಒಪ್ಪಿದರು. ಬೆನ್ನು ನೋಯುತ್ತಿದ್ದುದು ಒಪ್ಪಿದವರದಲ್ಲ.

ಈ ವಿಲ್ಕ್ಸನ ಸೋದರಳಿಯ ಸ್ಪೆನ್ ಕಿಂಗ್. ಅವನು ಗಾರ್ಡನ್ ಬ್ಯಾಶ್‌ಫರ್ಡ್‌ನೊಡನೆ ರೂಪಿಸಿದ ರೇಂಜ್ ರೋವರ್ ೧೯೭೦ರ ಜೂನಿನಲ್ಲಿ ಹೊರಬಂತು. ಗಟ್ಟಿ ಇರಸನ್ನು ಕಿಂಗ್ ಬಿಡಲಿಲ್ಲ, ಪಟ್ಟಿಯನ್ನು ಬಿಟ್ಟ. ಮೃದುವಾದ ಉದ್ದ ಸುರುಳಿಗಳನ್ನಿಟ್ಟರೆ ಚಕ್ರಗಳು ಹಳ್ಳಕ್ಕೆ ಇಳಿದು ದಿಣ್ಣೆಗೆ ಏರಿ ನೆಲವನ್ನು ಬಿಡದೆ ಅಪ್ಪಿಕೊಂಡಿರುತ್ತವೆ. ಒಳಗೆ ಕುಳಿತವರಿಗೂ ನೆಮ್ಮದಿ. ಆದರೆ ಸುರುಳಿಗೆ ಭಾರ ಹೊರುವುದೊಂದೇ ಗೊತ್ತು. ಪಟ್ಟಿ ಸದ್ದಿಲ್ಲದೆ ಮಾಡುತ್ತಿದ್ದ ಎರಡನೆಯ ಕೆಲಸಕ್ಕೆ ಬೇರೆ ಆಳುಗಳನ್ನು ನೇಮಿಸಬೇಕಾಯಿತು. ಮುಂದಿನ ಇರಸನ್ನು ಹಿಂದೆಮುಂದೆ ಆಡದಂತೆಯೂ ಹೊರಳದಂತೆಯೂ ಹಿಡಿಯಲು ರೇಡಿಯಸ್ ಆರ್ಮ್ ಎಂಬ ಎರಡು ದಪ್ಪ ತೋಳುಗಳು. ಪಕ್ಕಕ್ಕೆ ಜಾರದಂತೆ ಚಾಸಿಗೂ ಇರಸಿಗೂ ಅಡ್ಡಲಾಗಿ ಪ್ಯಾನ್‌ಹಾರ್ಡ್ ಎಂಬ ಫ್ರೆಂಚ್ ಹೆಸರಿನ ಸಲಾಕೆ. ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಣಿತವನ್ನು ತಗ್ಗಿಸುತ್ತಿದ್ದ ಕೆಲಸವೂ ಈಗ ಪೂರ್ತಿಯಾಗಿ ಶಾಕ್ ಅಬ್ಸಾರ್ಬರಿನ ಪಾಲಿಗೆ. ಅಮೆರಿಕದ ಫೋರ್ಡ್ ಬ್ರಾಂಕೊ ೧೯೬೬ರ ಮಾದರಿಯಲ್ಲೇ ಮುಂದಿನ ಇರಸಿಗೆ ಇಂಥ ಏರ್ಪಾಡು ಮಾಡಿಕೊಂಡಿತ್ತು. ಆದರೆ ಅದರ ಹಿಂಬದಿ ಪಟ್ಟಿಯ ಮೇಲೆಯೇ ಇತ್ತು.

ಇಲ್ಲಿಂದ ಮುಂದಿನ ಹದಿಮೂರು ವರ್ಷಗಳು ನನಗೆ ಎಲ್ಲಕ್ಕಿಂತ ಕುತೂಹಲದವಾಗಿ ತೋರುತ್ತವೆ. ಒಂದೇ ಕಂಪೆನಿ ಅನುಕೂಲಸ್ಥನಿಗೆ ಸುರುಳಿಯ ಗಾಡಿಯನ್ನೂ ದುಡಿಯುವವನಿಗೆ ಪಟ್ಟಿಯ ಗಾಡಿಯನ್ನೂ ಮಾರುತ್ತಿತ್ತು. ದಿನವಿಡೀ ಉಬ್ಬುತಗ್ಗಿನಲ್ಲಿ ಇರುವವನಿಗೇ ಗಡಸು ಸ್ಪ್ರಿಂಗು! ಕಾರ್ಖಾನೆ ಸುಮ್ಮನಿದ್ದರೂ ಕೊಟ್ಟಿಗೆಯಲ್ಲಿ ಬೆಸುಗೆಯ ಯಂತ್ರ ಇಟ್ಟುಕೊಂಡಿದ್ದ ಜನ ಸುಮ್ಮನಿರಲಿಲ್ಲ. ರೇಂಜ್ ರೋವರಿನ ಮೂರೂವರೆ ಲೀಟರಿನ ಎಂಟು ಸಿಲಿಂಡರು ಇಂಜಿನ್ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಮೈಯ ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತಿದ್ದುವು. ಹೀಗಾಗಿ ಮುಪ್ಪಾದ ರೇಂಜ್ ರೋವರುಗಳು ಅಗ್ಗವಾಗಿ ಕೈಗೆ ಬಂದುವು. ಅವುಗಳ ಇರಸು, ತೋಳು, ಸುರುಳಿಗಳನ್ನು ಬಿಚ್ಚಿ ಹಳೆಯ ಲ್ಯಾಂಡ್ ರೋವರಿಗೆ ಕಸಿ ಮಾಡುವ ಒಂದು ವಿದ್ಯೆಯೇ ಬೆಳೆಯಿತು. ಕೆಲವರು ಅದಕ್ಕೂ ಮುಂದೆ ಹೋಗಿ, ರೇಂಜ್ ರೋವರಿನ ೧೦೦ ಅಂಗುಲದ ಚಾಸಿಯನ್ನೇ ಕತ್ತರಿಸಿ ೮೮ ಅಂಗುಲಕ್ಕೆ ತಂದು ಮೇಲೆ ಲ್ಯಾಂಡ್ ರೋವರಿನ ಮೈಯನ್ನು ಕೂರಿಸಿದರು.

ಕಸಿ ಎಂದೆ, ಆದರೆ ಮಾವಿಗೆ ಮಾವಿನ ಕೊಂಬೆ ಕಟ್ಟಿದಷ್ಟು ಸುಲಭವಲ್ಲ ಇದು. ಮುಂದಿನ ಇರಸೊಂದನ್ನೇ ಬದಲಿಸಿದವನ ಪಾಡನ್ನು ನೋಡಿ. ಹಳೆಯ ಇರಸಿನ ಹಲ್ಲಿನ ಲೆಕ್ಕ ೪.೭; ಎಂದರೆ ಇಂಜಿನ್ನಿನಿಂದ ಬರುವ ದಂಡ ೪.೭ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ರೇಂಜ್ ರೋವರಿನದು ೩.೫೪. ಮುಂದೆ ಇದು, ಹಿಂದೆ ಅದು ಇಟ್ಟುಕೊಂಡು ನಾಲ್ಕು ಚಕ್ರಗಳ ಬಲವನ್ನು ಜೋಡಿಸಿದರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಮೂರನೆಯ ಒಂದು ಪಾಲು ಜೋರಾಗಿ ಓಡಲು ಹವಣಿಸುತ್ತವೆ; ನಡುವೆ ಸಿಕ್ಕಿದ ಹಲ್ಲುಗಳು ಮುರಿಯುತ್ತವೆ. ಹಾಗಾಗಿ ಹಳೆಯ ಡಿಫರೆನ್ಷಿಯಲ್ಲನ್ನು ಎತ್ತಿ ಹೊಸ ಇರಸಿನೊಳಗೆ ಕೂರಿಸಬೇಕು, ಇಲ್ಲವೇ ಹಿಂದಿನ ಇರಸನ್ನೂ ಬದಲಿಸಬೇಕು. ಎಡಬಲ ಚಕ್ರಗಳ ನಡುವಣ ಅಂತರ ೫೧.೫ ಅಂಗುಲವಿದ್ದದ್ದು ೫೮.೫ ಆಗುತ್ತದೆ, ಚಕ್ರಗಳು ಮೈಯಿಂದ ಹೊರಕ್ಕೆ ಇಣುಕುತ್ತವೆ.

ಇವೆಲ್ಲ ಕಣ್ಣಿಗೆ ಕಾಣುವ ತೊಡಕುಗಳು. ಕಾಣದಿರುವುದು ಕೋನಗಳ ವಿಷಯ. ಸೈಕಲ್ಲಿನ ಮುಂದಿನ ಫೋರ್ಕು ಸ್ವಲ್ಪ ಹಿಂದಕ್ಕೆ ವಾಲಿರುವುದನ್ನು ಎಲ್ಲರೂ ನೋಡಿದ್ದೇವೆ. ಕೈಬಿಟ್ಟರೂ ಸೈಕಲ್ಲು ನೆಟ್ಟಗೆ ಸಾಗಲು ಆ ವಾಲು ನೆರವಾಗುತ್ತದೆ. ಮೋಟಾರಿನ ಮುಂದಿನ ಚಕ್ರಗಳಿಗೂ ಅಂಥ ವಾಲು ಬೇಕು. ಅದರ ಹೆಸರು ಕ್ಯಾಸ್ಟರ್. ಗಾಡಿ ಎತ್ತರವಾಗಿ ಕಾಣಲೆಂದು ಆಸೆಪಟ್ಟು ಉದ್ದನೆಯ ಸುರುಳಿ ಹಾಕಿದರೆ ತೋಳುಗಳು ಕೆಳಕ್ಕೆ ಬಾಗಿ ಇರಸನ್ನೇ ಮುಂದಕ್ಕೆ ಹೊರಳಿಸುತ್ತವೆ, ವಾಲು ಕರಗಿಹೋಗುತ್ತದೆ, ಹೆದ್ದಾರಿಯಲ್ಲಿ ಗಾಡಿ ಕುಡಿದವನಂತೆ ಅಲೆಯುತ್ತದೆ. ಹಾಗೆಯೇ ಪ್ಯಾನ್‌ಹಾರ್ಡ್ ಸಲಾಕೆಯೂ ಚಕ್ರ ತಿರುಗಿಸುವ ಸ್ಟಿಯರಿಂಗ್ ಸಲಾಕೆಯೂ ಒಂದಕ್ಕೊಂದು ಸಮಾಂತರವಾಗಿರಬೇಕು. ಇಲ್ಲದಿದ್ದರೆ ಪ್ರತಿ ಹಳ್ಳಕ್ಕೂ ಗಾಡಿ ತನ್ನಿಷ್ಟಕ್ಕೆ ತಾನೇ ಪಕ್ಕಕ್ಕೆ ತಿರುಗುತ್ತದೆ. ಇನ್ನು ತೋಳು ಹಿಡಿದ ಬೆಸುಗೆ ಒಂದು ದಿನ ಬಿಟ್ಟುಕೊಂಡಿತೆಂದರೆ ಇರಸು ಗಾಡಿಯ ಮಾತನ್ನು ಕೇಳುವುದೇ ಇಲ್ಲ. ಎದುರಿನಿಂದ ಬರುವವನಿಗೆ ಈ ಬೆಸುಗೆ ಹಾಕಿದವನ ಪರಿಚಯವಿರುವುದಿಲ್ಲ.

ಸರಕಾರ ಇಲ್ಲಿ ಕೈಹಾಕಿದ್ದರಲ್ಲಿ ಅಚ್ಚರಿಯಿಲ್ಲ. ಬ್ರಿಟನ್ನಿನ ನೋಂದಣಿ ಕಛೇರಿ ಬಹುಕಾಲ ಒಂದು ಅಂಕಪಟ್ಟಿಯನ್ನು ಇಟ್ಟುಕೊಂಡಿತ್ತು: ಮೂಲ ಚಾಸಿಗೆ ೫ ಅಂಕ, ಸಸ್ಪೆನ್ಷನ್, ಇರಸು, ಗೇರುಗಳ ಸಮೂಹ, ಸ್ಟಿಯರಿಂಗ್ ಇವಕ್ಕೆ ತಲಾ ೨, ಇಂಜಿನ್ನಿಗೆ ೧. ಹದಿನಾಲ್ಕಕ್ಕೆ ಎಂಟು ಬಂದರೆ ಹಳೆಯ ನಂಬರು ಉಳಿಯಿತು. ಇಲ್ಲದಿದ್ದರೆ ಗಾಡಿ ಫೇಲು. ಇರಸು ಸ್ಪ್ರಿಂಗುಗಳನ್ನಷ್ಟೇ ಬದಲಿಸಿದವನು ೧೦ ಅಂಕ ತೆಗೆದು ಪಾರಾದ. ಚಾಸಿಯನ್ನೂ ಕತ್ತರಿಸಿದವನು ಐದರಲ್ಲೇ ನಿಂತ. ಉತ್ತರಪತ್ರಿಕೆಗಳ ನಡುವೆ ಬಾಳು ಸವೆಸುವ ನನಗೆ ಈ ಪದ್ಧತಿ ತಕ್ಕಮಟ್ಟಿಗೆ ನ್ಯಾಯವಾಗಿಯೇ ಕಂಡಿದೆ. ನಮ್ಮ ದೇಶದಲ್ಲಿ ಇಷ್ಟು ಔದಾರ್ಯವಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮನ್ನು ಆಧರಿಸಿ, ತಯಾರಕರು ಕೊಟ್ಟ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ತೀರ್ಪಿತ್ತಿದೆ. ನಮ್ಮ ಮಲೆನಾಡಿನ ತೋಟಗಳ ಹಳೆಯ ಜೀಪುಗಳು ಹುಟ್ಟಿದ್ದು ಪಟ್ಟಿಯ ಮೇಲೆ. ಅದನ್ನು ಬರಿಯ ಬಡತನವೆನ್ನಲಾರೆ. ಒಂದು ಪಟ್ಟಿ ಮುರಿದರೂ ಉಳಿದವುಗಳ ಮೇಲೆ ಕುಂಟುತ್ತ ಊರು ಸೇರಬಹುದು. ತೋಳು ಮುರಿದ ಸುರುಳಿಯ ಗಾಡಿಗೆ ಆ ಭಾಗ್ಯವಿಲ್ಲ.

ಕೊನೆಗೆ ಕಾರ್ಖಾನೆಯೂ ಕೊಟ್ಟಿಗೆಯವರ ದಾರಿಗೇ ಬಂತು. ೧೯೮೩ರಲ್ಲಿ ೧೧೦ ಅಂಗುಲದ ಲ್ಯಾಂಡ್ ರೋವರ್ ರೇಂಜ್ ರೋವರಿನ ಮಾದರಿಯ ಇರಸು, ತೋಳು, ಸುರುಳಿಗಳೊಡನೆ ಹೊರಬಂತು. ಮರುವರ್ಷ ಅದರ ಚಿಕ್ಕ ತಮ್ಮ ಬಂತು. ಇರಸು ಅಗಲವಾಯಿತಲ್ಲ, ಮೈ ಹಳೆಯ ಅಳತೆಯದೇ. ಹೊರಕ್ಕೆ ಚಾಚಿದ ಚಕ್ರಗಳನ್ನು ಮುಚ್ಚಲು ಮೇಲೆ ಹುಬ್ಬಿನಂಥ ಅಂಚುಗಳನ್ನು ಅಂಟಿಸಿದರು. ಆ ಗಾಡಿಯ ಗುರುತೇ ಆಗಿಹೋದ ಆ ಹುಬ್ಬುಗಳು ಕಸಿಯ ಗಾಯದ ಕಲೆಗಳೆಂದು ಅನೇಕರಿಗೆ ತಿಳಿಯದು. ಪಟ್ಟಿಯ ಗಾಡಿಯ ತಯಾರಿಕೆ ೧೯೮೫ರಲ್ಲಿ ನಿಂತಿತು. ಮುಂದೆ ಡಿಫೆಂಡರ್ ಎಂದು ಹೆಸರಾದ ಸುರುಳಿಯ ಗಾಡಿ ೨೦೧೬ರ ಜನವರಿ ೨೯ರವರೆಗೆ ನಡೆಯಿತು. ಸ್ಪೆನ್ ಕಿಂಗ್ ೨೦೧೦ರಲ್ಲಿ ತೀರಿಕೊಂಡಿದ್ದ. ತಾನು ಕೆಸರಿಗೆಂದು ಮಾಡಿದ ಗಾಡಿಯ ವಂಶದವನ್ನು ಪಟ್ಟಣಿಗರು ಮಕ್ಕಳನ್ನು ಶಾಲೆಗೆ ಬಿಡಲು ಬಳಸುವುದನ್ನು ಕಂಡು ಕೊನೆಗಾಲದಲ್ಲಿ ಬಹಿರಂಗವಾಗಿಯೇ ಸಿಡಿಮಿಡಿಗೊಂಡಿದ್ದ. ೨೦೨೦ರಿಂದ ಮಾರಾಟವಾಗುತ್ತಿರುವ ಹೊಸ ಡಿಫೆಂಡರಿನಲ್ಲಿ ನಾಲ್ಕು ಚಕ್ರಗಳೂ ಒಂದರ ಹಂಗು ಒಂದಕ್ಕಿಲ್ಲದೆ ಏರಿಳಿಯುತ್ತವೆ. ಎಡಚಕ್ರವನ್ನೂ ಬಲಚಕ್ರವನ್ನೂ ಕೂಡಿಸುವ ಗಟ್ಟಿ ಇರಸು ಅದರ ಮುಂದೂ ಇಲ್ಲ, ಹಿಂದೂ ಇಲ್ಲ.