ಆರು ಸೆಂಟಿಮೀಟರಿನ ಚರಿತ್ರೆ

ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಕಟ್ಟಿದ ಶೆರ್ಮನ್ ಟ್ಯಾಂಕಿನ ಎತ್ತರ ಸುಮಾರು 2.74 ಮೀಟರ್. ಅದಕ್ಕೆ ಎದುರಾಗಿ ನಿಂತ ಜರ್ಮನಿಯ ಪಾಂಜರ್ 4ರ ಎತ್ತರ ಸುಮಾರು 2.68 ಮೀಟರ್. ಅಂದರೆ ಶೆರ್ಮನ್ನೇ ಆರು ಸೆಂಟಿಮೀಟರಿನಷ್ಟು ಎತ್ತರ. ಈಗ ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಹಳೆಯ ಶೆರ್ಮನ್ ಮಾದರಿಯನ್ನೂ ಜಪಾನಿನ ಹಸೆಗಾವಾ ಕಂಪನಿಯ ಪಾಂಜರ್ 4 ಮಾದರಿಯನ್ನೂ ಒಂದೇ ಮೇಜಿನ ಮೇಲೆ ಇಡೋಣ. ಮೊದಲನೆಯದರ ಸ್ಕೇಲ್ 1:76, ಎರಡನೆಯದರದು 1:72. ಭಾಗಿಸಿ ನೋಡಿದರೆ ಶೆರ್ಮನ್ 36 ಮಿಲಿಮೀಟರಿಗೆ ಇಳಿಯುತ್ತದೆ, ಪಾಂಜರ್ 37 ದಾಟುತ್ತದೆ. ಗಿಡ್ಡನೆಯದು ಎತ್ತರವಾಯಿತು, ಎತ್ತರದ್ದು ಗಿಡ್ಡವಾಯಿತು. ಎರಡೂ ಪೆಟ್ಟಿಗೆಗಳ ಮೇಲಿನ ಅಂಕಿ ಸರಿಯಾಗಿಯೇ ಇದೆ. ಆದರೂ ಮೇಜಿನ ಮೇಲೆ ಚರಿತ್ರೆಯ ಒಂದು ಸಣ್ಣ ಸಂಗತಿ ತಲೆಕೆಳಗಾಗಿದೆ.

ಒಂದು ಮಿಲಿಮೀಟರಿನ ವ್ಯತ್ಯಾಸಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎನ್ನಿಸಬಹುದು. ಆದರೆ ಈ ಮಾದರಿಗಳು ಶೋಕೇಸಿನಲ್ಲಿ ಕೂರುವಂಥವಲ್ಲ, ಮೇಜಿನ ಮೇಲೆ ಯುದ್ಧದಾಟ ಆಡುವವರ ಕಾಯಿಗಳು. ಅಳತೆ ಟೇಪು, ದಾಳ ಮತ್ತು ನಿಯಮಪುಸ್ತಕ ಹಿಡಿದು ಇಬ್ಬರು ಹಳೆಯ ಕದನವೊಂದನ್ನು ಮತ್ತೆ ಆಡುತ್ತಾರೆ. ಹಲವು ನಿಯಮಪುಸ್ತಕಗಳಲ್ಲಿ ಆಟಗಾರ ಬಗ್ಗಿ, ತನ್ನ ಟ್ಯಾಂಕಿನ ಹಿಂದೆ ಕಣ್ಣಿಟ್ಟು ನೋಡಬೇಕು. ಎದುರಾಳಿ ಟ್ಯಾಂಕು ಬೇಲಿಯ ಮೇಲೆ ಕಂಡರೆ ಗುಂಡು ಹಾರಿಸಬಹುದು, ಕಾಣದಿದ್ದರೆ ಇಲ್ಲ. ಹೀಗಿರುವಾಗ ಮಾದರಿಯ ಗಾತ್ರ ಅಲಂಕಾರವಾಗಿ ಉಳಿಯುವುದಿಲ್ಲ, ಆಟದ ಕಾನೂನೇ ಆಗುತ್ತದೆ.

ಈ ಹವ್ಯಾಸದ ಆದಿಪುರುಷರಲ್ಲೊಬ್ಬ ಎಚ್. ಜಿ. ವೆಲ್ಸ್. 1903ರಲ್ಲೇ ಒಂದು ಕತೆಯಲ್ಲಿ ನೆಲದ ಮೇಲೆ ತೆವಳುವ ಉಕ್ಕಿನ ಯುದ್ಧಯಂತ್ರಗಳನ್ನು ಕಲ್ಪಿಸಿದವನು, 1913ರಲ್ಲಿ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಮಾಡಿದ. ಅವನ ಆಟದಲ್ಲಿ ಸ್ಪ್ರಿಂಗ್ ಇರುವ ಆಟಿಕೆ ಫಿರಂಗಿಯಿಂದ ನಿಜವಾಗಿ ಹೊಡೆದು ಸೈನಿಕರನ್ನು ಉರುಳಿಸಬೇಕಿತ್ತು. ದೊಡ್ಡ ಬೊಂಬೆಗೆ ಏಟು ಹೆಚ್ಚು, ಲೆಕ್ಕ ಅಷ್ಟೇ. ಆದರೆ ತಾನೇ ಕಲ್ಪಿಸಿದ್ದ ಯಂತ್ರ ಅವನ ಆಟದೊಳಗೆ ಬರಲಿಲ್ಲ. ನಿಜವಾದ ಟ್ಯಾಂಕು ರಣರಂಗಕ್ಕೆ ಇಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ. ಅದರ ಮಾದರಿ ಮೇಜಿಗೆ ಹತ್ತುವ ಹೊತ್ತಿಗೆ ಸ್ಕೇಲುಗಳು ಬೇರೆ ಬೇರೆ ಮನೆಗಳಲ್ಲಿ ಹುಟ್ಟಿ ಬೆಳೆದಿದ್ದವು.

1:72 ಹುಟ್ಟಿದ್ದು ಇಂಚು-ಅಡಿಯ ಲೆಕ್ಕದಲ್ಲಿ. ನಿಜದ ಆರು ಅಡಿಗೆ ಮಾದರಿಯ ಒಂದು ಇಂಚು; ಎತ್ತರದ ಆಳೊಬ್ಬ ಒಂದಿಂಚಿನ ಬೊಂಬೆಯಾಗುತ್ತಾನೆ. 1930ರ ದಶಕದ ಬ್ರಿಟನ್ನಿನಲ್ಲಿ ಸ್ಕೈಬರ್ಡ್ಸ್ ಮತ್ತು ಫ್ರಾಗ್ ಹೆಸರಿನ ವಿಮಾನ ಮಾದರಿಗಳು ಈ ಲೆಕ್ಕವನ್ನು ಹಿಡಿದವು. ಆಮೇಲೆ ಯುದ್ಧವೇ ಅದಕ್ಕೆ ಮುದ್ರೆ ಒತ್ತಿತು. 1942ರಲ್ಲಿ ಅಮೆರಿಕದ ನೌಕಾಪಡೆ, ಶತ್ರು ವಿಮಾನ ಯಾವುದು ನಮ್ಮದು ಯಾವುದು ಎಂದು ಸೈನಿಕರಿಗೆ ಕಲಿಸಲು ಐದು ಲಕ್ಷ ಮರದ ಮಾದರಿಗಳನ್ನು ಕೆತ್ತಿಕೊಡುವಂತೆ ಶಾಲಾ ಮಕ್ಕಳನ್ನು ಕೇಳಿತು. ಅವೂ 1:72. ಇಂಥ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ, ನಿಜವಾದ ವಿಮಾನ ಹತ್ತಿರ ಹತ್ತಿರ ಅರ್ಧ ಮೈಲಿ ಆಚೆ ಹಾರುತ್ತಿರುವಂತೆ ಕಾಣುತ್ತದೆ.

1:76 ಬಂದದ್ದು ರೈಲಿನಿಂದ. ಯುರೋಪಿನ ಆಟಿಕೆ ರೈಲುಗಳು ನಿಜದ ಒಂದು ಅಡಿಗೆ ಮೂರೂವರೆ ಮಿಲಿಮೀಟರ್ ಎಂಬ ಲೆಕ್ಕ ಹಿಡಿದಿದ್ದವು, ಅದು 1:87. ಬ್ರಿಟನ್ನಿನ ನಿಜ ಎಂಜಿನ್ನುಗಳು ಯುರೋಪಿನವಕ್ಕಿಂತ ಚಿಕ್ಕವು. ಅದೇ ಲೆಕ್ಕದಲ್ಲಿ ಮಾದರಿ ಮಾಡಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಹಳಿಯನ್ನು 16.5 ಮಿಲಿಮೀಟರಿಗೇ ಬಿಟ್ಟು, ಮೇಲಿನ ಡಬ್ಬಿಯನ್ನು ಮಾತ್ರ ಅಡಿಗೆ ನಾಲ್ಕು ಮಿಲಿಮೀಟರಿಗೆ ಹಿಗ್ಗಿಸಿದರು. 1960ರ ದಶಕದ ಆರಂಭದಲ್ಲಿ ಏರ್‌ಫಿಕ್ಸ್ ಟ್ಯಾಂಕುಗಳನ್ನು ಮಾಡತೊಡಗಿದಾಗ, ರೈಲು ಹವ್ಯಾಸಿಗಳ ಮನೆಗಳಲ್ಲಿ ಆಗಲೇ ಬೇರೂರಿದ್ದ ಈ ಸ್ಕೇಲನ್ನೇ ಆರಿಸಿತು. ಅದೇ ಕಂಪನಿಯ ವಿಮಾನಗಳು ಮಾತ್ರ 1:72ರಲ್ಲೇ ಉಳಿದವು. ಒಂದೇ ಮನೆಯಲ್ಲಿ ಎರಡು ಅಳತೆಗೋಲು.

1:35ರ ಕತೆ ಇನ್ನೂ ಸ್ವಾರಸ್ಯ. ಜಪಾನಿನ ಶಿಜುವೊಕಾ ನಗರದ ತಾಮಿಯಾ ಕಂಪನಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕನ್ನು ಮಾಡಹೊರಟಾಗ ಮೊದಲು ಯಾವ ಸ್ಕೇಲನ್ನೂ ನಿಗದಿ ಮಾಡಿರಲಿಲ್ಲ. ಮೋಟಾರು, ಸೆಲ್ಲುಗಳು ಒಳಗೆ ಹಿಡಿಸುವಷ್ಟು ದೊಡ್ಡದಾಗಿ ಮಾಡಿ, ಆಮೇಲೆ ಅಳೆದು ನೋಡಿದರೆ ಅದು ನಿಜದ ಟ್ಯಾಂಕಿನ ಮೂವತ್ತೈದನೇ ಒಂದು ಭಾಗದಷ್ಟಿತ್ತು. ಬ್ಯಾಟರಿಯ ಗಾತ್ರ ತೀರ್ಮಾನಿಸಿದ ಆ ಅಂಕಿ ಇಂದು ಜಗತ್ತಿನಾದ್ಯಂತ ಟ್ಯಾಂಕು ಮಾದರಿಗಳ ದೊಡ್ಡ ಸ್ಕೇಲ್. ಆದರೆ ಶೆರ್ಮನ್ ಅದರಲ್ಲಿ 17 ಸೆಂಟಿಮೀಟರಿನಷ್ಟು ಉದ್ದವಾಗುವುದರಿಂದ ಸಾಧಾರಣ ಮೇಜಿನ ಯುದ್ಧಕ್ಕೆ ಒಗ್ಗುವುದಿಲ್ಲ. ಇನ್ನೊಂದು ತುದಿಗೆ 1:285 ಇದೆ. ಅಲ್ಲಿ ಶೆರ್ಮನ್ ಎರಡು ಸೆಂಟಿಮೀಟರು. 1970ರ ದಶಕದಲ್ಲಿ ಅಮೆರಿಕದ ಸೇನೆ ತನ್ನ ಅಧಿಕಾರಿಗಳ ತರಬೇತಿಗೆ ಬಳಸಿದ ಡನ್-ಕೆಂಫ್ ಎಂಬ ಆಟದಲ್ಲಿ ಈ ಪುಟಾಣಿ ಟ್ಯಾಂಕುಗಳಿದ್ದವು. ಬ್ರಿಟಿಷರು ಅದೇ ಹೊತ್ತಿಗೆ 1:300 ಹಿಡಿದಿದ್ದರು. ಇಲ್ಲೂ ಅದೇ ಶೇಕಡ ಐದರ ಜಗಳ.

ಸೈನಿಕರ ವಿಷಯಕ್ಕೆ ಬಂದರೆ ಗೋಜಲು ಇನ್ನೂ ಹೆಚ್ಚು. ಟ್ಯಾಂಕನ್ನು ಅನುಪಾತದಲ್ಲಿ ಹೇಳಿದರೆ ಸೈನಿಕನನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ: 15, 20, 28. ಆ 28 ಅಂಗಾಲಿನಿಂದ ಕಣ್ಣಿನವರೆಗೋ ನೆತ್ತಿಯವರೆಗೋ ಎಂಬುದರಲ್ಲಿ ತಯಾರಕರಿಗೇ ಒಮ್ಮತವಿಲ್ಲ. ಕಣ್ಣಿನವರೆಗೆ ಎಂದುಕೊಂಡು 1.6 ಮೀಟರನ್ನು 28 ಮಿಲಿಮೀಟರಿನಿಂದ ಭಾಗಿಸಿದರೆ 57 ಬರುತ್ತದೆ. 28 ಮಿಲಿಮೀಟರಿನ ಸೈನಿಕರಿಗೆ 1:56ರ ಟ್ಯಾಂಕು ಜೊತೆಯಾದದ್ದು ಹೀಗೆ. ಆದರೆ ದೂರದಿಂದಲೂ ಎದ್ದು ಕಾಣಲೆಂದು ಈ ಸೈನಿಕರ ತಲೆ, ಕೈ, ಬಂದೂಕುಗಳನ್ನು ದಪ್ಪ ಮಾಡಿರುತ್ತಾರೆ. ಕಾಲ ಕೆಳಗೆ ಎರಡು ಮಿಲಿಮೀಟರಿನ ಪೀಠ ಬೇರೆ. ಅವನ ಪಕ್ಕದಲ್ಲಿ ಲೆಕ್ಕಕ್ಕೆ ಸರಿಯಾದ ಟ್ಯಾಂಕೇ ಆಟಿಕೆಯಂತೆ ಕಾಣುತ್ತದೆ. ಕೆಲವರು ಅದಕ್ಕೇ 1:48ಕ್ಕೆ ಹೋಗುತ್ತಾರೆ. ಯಾವುದು ಸರಿ ಎಂದು ನೋಡಲು ಒಳ್ಳೆಯ ಜಾಗವೆಂದರೆ ಟ್ಯಾಂಕಿನ ನೆತ್ತಿಯ ಮುಚ್ಚಳ. ಪಕ್ಕದಲ್ಲಿ ನಿಂತ ಸೈನಿಕ ಆ ತೂತಿನಲ್ಲಿ ಇಳಿಯಬಲ್ಲನೇ? ಇಳಿಯಲಾರನೆಂದರೆ ಅವರಿಬ್ಬರೂ ಒಂದೇ ಲೋಕದವರಲ್ಲ.

ಎಲ್ಲವನ್ನೂ ಹೊಂದಿಸಿದರೂ ದೂರ ಮಾತ್ರ ಹೊಂದುವುದಿಲ್ಲ. ಒಂದು ಕಿಲೋಮೀಟರಿನಿಂದ ಗುಂಡು ಹೊಡೆದುಕೊಳ್ಳುವುದು ಆ ಯುದ್ಧದ ಟ್ಯಾಂಕುಗಳಿಗೆ ಅಪರೂಪವಾಗಿರಲಿಲ್ಲ. 1:72ರಲ್ಲಿ ಅದು ಹದಿನಾಲ್ಕು ಮೀಟರ್. ಆಡುವ ಮೇಜು ಆರು ಅಡಿ. ಅಂದರೆ ಆ ಲೆಕ್ಕದಲ್ಲಿ 132 ಮೀಟರ್, ಹೆಚ್ಚುಕಡಿಮೆ ಒಂದು ಕ್ರಿಕೆಟ್ ಮೈದಾನ. ಆದ್ದರಿಂದ ನಿಯಮ ಬರೆಯುವವರು ನೆಲಕ್ಕೆ ಬೇರೆಯೇ ಒಂದು ಸ್ಕೇಲ್ ಇಡುತ್ತಾರೆ, ಟ್ಯಾಂಕಿಗಿಂತ ಎಷ್ಟೋ ಪಟ್ಟು ಕುಗ್ಗಿದ್ದು. ಮೇಜಿನ ಮೇಲಿನ ಎರಡು ಮನೆ ಒಂದು ಊರಿಗೆ ಸಮ.

ಇದು ನನಗೆ ಅಪರಿಚಿತ ತಂತ್ರವೇನಲ್ಲ. ನನ್ನ ಪಿಎಚ್‌ಡಿ ಕೆಲಸದಲ್ಲಿ ದಿನವೂ ಕಣ್ಣಾಡಿಸುವುದು ಹಳೆಯ ಸರ್ವೆ ನಕ್ಷೆಗಳ ಮೇಲೆ. ಒಂದು ಮೈಲಿಗೆ ಒಂದು ಇಂಚು, ಅಂದರೆ 1:63,360. ಅಂಥ ನಕ್ಷೆಯಲ್ಲಿ ರಸ್ತೆಯನ್ನು ಅರ್ಧ ಮಿಲಿಮೀಟರ್ ದಪ್ಪ ಎಳೆದರೂ ಲೆಕ್ಕದ ಪ್ರಕಾರ ಅದು 32 ಮೀಟರ್ ಅಗಲ. ಅಷ್ಟು ಅಗಲದ ಹಳ್ಳಿ ರಸ್ತೆ ಎಲ್ಲಿತ್ತು? ದೂರ ನಿಜ, ದಪ್ಪ ಬರೀ ಗುರುತು ಎಂದು ನಕ್ಷೆ ಓದುವವರಿಗೆ ಗೊತ್ತಿರುತ್ತದೆ. ಯುದ್ಧದಾಟದ ಮೇಜೂ ಅಂಥದೇ ನಕ್ಷೆ, ಅದರ ಮೇಲೆ ಟ್ಯಾಂಕು ಒಂದು ಗುರುತು. ಮೇಜಿನ ಪೂರ್ತಿ ಒಂದೇ ಸ್ಕೇಲ್ ಎಂಬುದು ಆಗದ ಮಾತು.

ಹಾಗಾದರೆ ಹೊಂದಿಸಬೇಕಾದ್ದು ಯಾವುದು? ಅನುಭವಿ ಆಟಗಾರರು ಪಾಲಿಸುವ ಕ್ರಮದಲ್ಲಿ ಒಂದು ವಿವೇಕವಿದೆ. ಕಣ್ಣು ಹೋಲಿಸಿ ನೋಡುವವನ್ನು ಒಂದೇ ಸ್ಕೇಲಿನಲ್ಲಿಡು. ಟ್ಯಾಂಕಿಗೆ ಟ್ಯಾಂಕು, ಸೈನಿಕನಿಗೆ ಸೈನಿಕ. ಮನೆಗಳನ್ನು ಒಂದಿಷ್ಟು ಕುಗ್ಗಿಸಿದರೆ ನಡೆಯುತ್ತದೆ, ಮರ ಎಷ್ಟಿದ್ದರೂ ನಡೆಯುತ್ತದೆ, ಲಾರಿ ಹಿಂದಿನ ಸಾಲಿನಲ್ಲಿದ್ದರೆ ಶೇಕಡ ಐದು ಯಾರಿಗೂ ಕಾಣುವುದಿಲ್ಲ. ಎದುರುಬದುರು ನಿಂತು ಕಾದುವ ಎರಡು ಪಕ್ಷಗಳನ್ನು ಮಾತ್ರ ಎರಡು ಸ್ಕೇಲಿನಲ್ಲಿ ಇಡಬಾರದು. ಏಕೆಂದರೆ ಅಲ್ಲಿ ವ್ಯತ್ಯಾಸ ಒಬ್ಬರ ಪರವಾಗಿ ಮಾತಾಡತೊಡಗುತ್ತದೆ.

ಯಾರ ಪರವಾಗಿ ಎಂಬುದು ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯ. 1944ರಲ್ಲಿ ನಾರ್ಮಂಡಿಯ ಬೇಲಿಗಳ ನಡುವೆ ಮಿತ್ರಪಕ್ಷದ ಸೈನಿಕರು ಕಂಡ ಪಾಂಜರ್ 4ನ್ನೂ ಟೈಗರ್ ಎಂದೇ ವರದಿ ಮಾಡುತ್ತಿದ್ದರು. ಪಕ್ಕಕ್ಕೆ ತಗಡಿನ ರಕ್ಷಾಫಲಕ ತಗುಲಿಸಿಕೊಂಡ ಅದರ ಚೌಕಾಕಾರ ಭಯದ ಕಣ್ಣಿಗೆ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಜರ್ಮನಿ ಕಟ್ಟಿದ ಮೊದಲ ಮಾದರಿಯ ಟೈಗರುಗಳು ಸುಮಾರು 1,350. ಅಮೆರಿಕ ಕಟ್ಟಿದ ಶೆರ್ಮನ್‌ಗಳು 49 ಸಾವಿರಕ್ಕೂ ಹೆಚ್ಚು. ಆದರೂ ಜನಪ್ರಿಯ ನೆನಪಿನಲ್ಲಿ ಜರ್ಮನ್ ಟ್ಯಾಂಕು ದೈತ್ಯ, ಶೆರ್ಮನ್ ಬಡಪಾಯಿ. 1:76ರ ಶೆರ್ಮನ್ನಿನ ಎದುರು 1:72ರ ಜರ್ಮನ್ ಟ್ಯಾಂಕನ್ನು ನಿಲ್ಲಿಸಿದವರು ತಮಗೆ ಅರಿವಿಲ್ಲದೆ ಆ ಸೈನಿಕನ ಭಯವನ್ನೇ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದಂತಾಗುತ್ತದೆ.

ಗಾತ್ರವನ್ನು ಮನಸ್ಸಿನ ಅಳತೆಗೆ ಬಗ್ಗಿಸುವುದು ನಮಗೂ ಗೊತ್ತಿರುವ ವಿದ್ಯೆ. ನಮ್ಮ ಎಷ್ಟೋ ವೀರಗಲ್ಲುಗಳಲ್ಲಿ ಮಡಿದ ವೀರ ಕಲ್ಲಿನ ತುಂಬ ನಿಂತಿರುತ್ತಾನೆ. ಶತ್ರುಗಳು ಅವನ ಸೊಂಟದವರೆಗೂ ಬರುವುದಿಲ್ಲ. ಅದನ್ನು ನೋಡಿ ಆ ಊರಿನ ಶತ್ರುಗಳೆಲ್ಲ ಕುಳ್ಳರಾಗಿದ್ದರೆಂದು ಯಾರೂ ಬರೆಯುವುದಿಲ್ಲ. ಶಿಲ್ಪಿ ತನ್ನ ಪಕ್ಷವನ್ನು ಮರೆಮಾಚಿಲ್ಲ. ಅಲ್ಲಿ ಗಾತ್ರವೆಂದರೆ ಗೌರವ. ಪೆಟ್ಟಿಗೆಯ ಮೇಲಿನ 1:76 ಎಂಬ ಅಂಕಿಗೆ ಅಂಥ ಮುಖವಿಲ್ಲ. ಅದು ಯಾರ ಪಕ್ಷವೂ ಅಲ್ಲ ಎಂಬಂತೆ ಕೂತಿರುತ್ತದೆ. ಅದರ ಹಿಂದೆ ಇಂಗ್ಲೆಂಡಿನ ಒಂದು ರೈಲು ಮೋಟಾರು ಇದೆ, ಇನ್ನೊಂದರ ಹಿಂದೆ ಜಪಾನಿನ ಸೆಲ್ಲುಗಳಿವೆ, ಮತ್ತೊಂದರ ಹಿಂದೆ ಬ್ರಿಟಿಷ್ ಇಂಚು. ಟ್ಯಾಂಕಿಗೂ ಯುದ್ಧಕ್ಕೂ ಸಂಬಂಧವಿಲ್ಲದ ಕಾರಣಗಳು ಅವು. ಆದರೆ ಎರಡು ಅಂಕಿಗಳು ಒಂದೇ ಮೇಜಿನಲ್ಲಿ ಎದುರಾದ ಕ್ಷಣ ಅವು ಯುದ್ಧದ ಬಗ್ಗೆಯೇ ಏನೋ ಹೇಳತೊಡಗುತ್ತವೆ.

ಏರ್‌ಫಿಕ್ಸ್‌ನದೇ ಪಾಂಜರ್ 4 ಕೂಡ 1:76ರಲ್ಲಿ ಬಂದಿದೆ. ಅದನ್ನು ಆ ಹಳೆಯ ಶೆರ್ಮನ್ನಿನ ಎದುರಿಗಿಟ್ಟರೆ ಲೆಕ್ಕದ ಪ್ರಕಾರ ಶೆರ್ಮನ್ ಮತ್ತೆ ಕೂದಲೆಳೆಯಷ್ಟು ಮೇಲೇಳುತ್ತದೆ, ಮುಕ್ಕಾಲು ಮಿಲಿಮೀಟರ್. ಬೇಲಿಯ ಹಿಂದೆ ಬಚ್ಚಿಟ್ಟುಕೊಳ್ಳಲು ಅದಕ್ಕೆ ಮತ್ತೆ ತುಸು ಕಷ್ಟವಾಗುತ್ತದೆ, ನಾರ್ಮಂಡಿಯಲ್ಲಿ ಆಗಿದ್ದಂತೆ.