ಅಪಸ್ಮಾರ: ಕಂಡವರ ಸಾಕ್ಷ್ಯದ ಚರಿತ್ರೆ

ಮನೆಯಲ್ಲಿ ಯಾರಿಗಾದರೂ ಮೊದಲ ಸಲ ಫಿಟ್ಸ್ ಬಂದಾಗ ನಾವು ಮಾಡುವ ಕೆಲಸಗಳು ಎರಡು: ಕೈಗೆ ಬೀಗದ ಕೈಗೊಂಚಲು ತುರುಕುವುದು, ಆಮೇಲೆ ಸುದ್ದಿ ಹೊರಗೆ ಹೋಗದಂತೆ ನೋಡಿಕೊಳ್ಳುವುದು. ಕೆಲವು ದಿನ ಕಳೆದು ನರರೋಗ ತಜ್ಞರ ಮುಂದೆ ಕುಳಿತಾಗ ಅವರು ಕೇಳುವ ಮುಖ್ಯ ಪ್ರಶ್ನೆ, “ನೋಡಿದವರು ಯಾರು? ಏನು ನೋಡಿದಿರಿ?” ಎಂಬುದು. ಈ ಪ್ರಶ್ನೆಗೆ ಮೂರು ಸಾವಿರ ವರ್ಷಗಳ ಚರಿತ್ರೆಯಿದೆ. ಅದನ್ನು ಅರಿತರೆ ವೈದ್ಯರಲ್ಲಿಗೆ ಏನನ್ನು ಸಿದ್ಧಮಾಡಿಕೊಂಡು ಹೋಗಬೇಕೆಂಬುದೂ ತಿಳಿಯುತ್ತದೆ.

ಬಾಬಿಲೋನಿಯದ ವೈದ್ಯರು ಈ ರೋಗವನ್ನು ದೆವ್ವದ ಕಾಟವೆಂದೇ ನಂಬಿದ್ದರು. ಆದರೂ ಕುತ್ತಿಗೆ ಎಡಕ್ಕೆ ತಿರುಗಿತೆ, ಕೈಕಾಲು ಬಿಗಿದವೆ, ಕಣ್ಣು ತೆರೆದಿತ್ತೆ, ಬಾಯಿಂದ ಜೊಲ್ಲು ಸುರಿಯಿತೆ ಎಂಬುದನ್ನೆಲ್ಲ ಮಣ್ಣಿನ ಹಲಗೆಗಳ ಮೇಲೆ ಬರೆದಿಟ್ಟರು. ಗ್ರೀಸಿನಲ್ಲಿ ಇದಕ್ಕೆ ‘ಪವಿತ್ರ ರೋಗ’ವೆಂದು ಹೆಸರು. ಕ್ರಿ.ಪೂ. ೪೦೦ರ ಸುಮಾರಿಗೆ ಹಿಪ್ಪೊಕ್ರೇಟಿಸನ ಪರಂಪರೆಯ ಗ್ರಂಥವೊಂದು, ಇದು ಉಳಿದ ರೋಗಗಳಿಗಿಂತ ಹೆಚ್ಚು ಪವಿತ್ರವೇನೂ ಅಲ್ಲ, ಇದರ ಮೂಲ ಮೆದುಳಿನಲ್ಲಿದೆ ಎಂದು ವಾದಿಸಿತು.

ನಮ್ಮ ಚರಕಸಂಹಿತೆ ಇದನ್ನು ಅಪಸ್ಮಾರವೆಂದು ಕರೆದು ನಾಲ್ಕು ಬಗೆಗಳನ್ನು ಹೇಳಿತು. ಅಪಸ್ಮಾರವೆಂದರೆ ಸ್ಮೃತಿ ತಪ್ಪುವುದು. ರೋಗಿಗೆ ನಡೆದದ್ದು ನೆನಪಿರುವುದಿಲ್ಲ, ನೋಡಿದವರೇ ಹೇಳಬೇಕು ಎಂಬ ಮಾತು ಆ ಹೆಸರಿನಲ್ಲಿಯೇ ಅಡಗಿದೆ. ಮೂರ್ಛೆಯನ್ನು ಚರಕಸಂಹಿತೆ ಬೇರೆಯೇ ಅಧ್ಯಾಯದಲ್ಲಿ ವಿವರಿಸುತ್ತದೆ. ಕನ್ನಡದ ಆಡುಮಾತಿನಲ್ಲಿ ಈ ಭೇದ ಅಳಿಸಿಹೋಗಿದೆ. ತಲೆಸುತ್ತಿ ಬಿದ್ದರೂ ಮೂರ್ಛೆ, ಕೈಕಾಲು ಸೆಳೆದು ಬಿದ್ದರೂ ಮೂರ್ಛೆ. ಮುಂಬಯಿ, ದೆಹಲಿಗಳಲ್ಲಿರುವ ನಾವು ಅದನ್ನು ಹಿಂದಿಗೆ ತಿರುಗಿಸಿ ‘ಬೇಹೋಶ್’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಅರ್ಧ ವಿಷಯವೂ ಮುಟ್ಟುವುದಿಲ್ಲ. ರೋಗದ ಹೆಸರನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನು ಹೇಳುವುದೇ ಮೇಲು.

ಹಾಗೆ ಕಂಡದ್ದರಿಂದಲೇ ವಿಜ್ಞಾನ ಕಟ್ಟಿದವರು ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್. ಸೆಳೆತ ಹೆಬ್ಬೆರಳಿನಲ್ಲಿ ಆರಂಭವಾಗಿ ಕೈಗೆ, ಮುಖಕ್ಕೆ, ಕಾಲಿಗೆ ಕ್ರಮವಾಗಿ ಹರಡುವುದನ್ನು ಗಮನಿಸಿ, ಮೆದುಳಿನ ಯಾವ ಭಾಗದಲ್ಲಿ ತೊಂದರೆಯಿದೆ ಎಂಬುದನ್ನು ಅವರು ಊಹಿಸಿದರು. ಮೆದುಳಿನ ಬೂದುಭಾಗದಲ್ಲಿ ಶಕ್ತಿ ಹಠಾತ್ತನೆ, ಅತಿಯಾಗಿ ಹೊರಚಿಮ್ಮುವುದೇ ಅಪಸ್ಮಾರವೆಂದು ೧೮೭೩ರಲ್ಲಿ ಹೇಳಿದರು. ಆಗ ಮೆದುಳಿನ ವಿದ್ಯುತ್ತನ್ನು ತಲೆಯ ಮೇಲಿಂದ ಅಳೆಯುವ ಯಂತ್ರವೇ ಇರಲಿಲ್ಲ. ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲು ದಾಖಲಿಸಿದ್ದು ೧೯೨೪ರಲ್ಲಿ, ಪ್ರಕಟಿಸಿದ್ದು ೧೯೨೯ರಲ್ಲಿ. ಅದೇ ಇಂದಿನ ಇ.ಇ.ಜಿ. ಇಷ್ಟಾದರೂ ಇ.ಇ.ಜಿ. ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲು ಬರುವುದಿಲ್ಲ. ಕಂಡವರ ಮಾತಿನ ಬೆಲೆ ಇಂದಿಗೂ ಇಳಿದಿಲ್ಲ.

ಆ ಮಾತನ್ನು ಮುಚ್ಚಿಡುವಂತೆ ಮಾಡಿದ್ದು ಮದುವೆಯ ಭಯ. ಇದಕ್ಕೆ ಕಾನೂನಿನ ಬಲವೂ ಇತ್ತು. ೧೯೭೬ರ ತಿದ್ದುಪಡಿ ಹಿಂದೂ ವಿವಾಹ ಕಾಯಿದೆಯಲ್ಲಿ ಪದೇ ಪದೇ ಬರುವ ಹುಚ್ಚಿನ ಜೊತೆಗೆ ಅಪಸ್ಮಾರವನ್ನೂ ಸೇರಿಸಿ, ಇವೆರಡನ್ನೂ ಮದುವೆಗೆ ಅಡ್ಡಿಯೆಂದಿತು. ೧೯೯೯ರಲ್ಲಿ ಸಂಸತ್ತು ‘ಅಪಸ್ಮಾರ’ ಎಂಬ ಪದವನ್ನು ಅಲ್ಲಿಂದ ತೆಗೆದುಹಾಕಿತು. ಕಾನೂನು ಬಿಟ್ಟ ಹಟವನ್ನು ನಮ್ಮ ಮನೆಗಳು ಇನ್ನೂ ಹಿಡಿದು ಕೂರಬೇಕೆ?

ಮುಚ್ಚಿಡುವುದರಿಂದ ನಷ್ಟವೇ ಹೆಚ್ಚು. ಒಮ್ಮೆ ಫಿಟ್ಸ್ ಬಂದ ಮಾತ್ರಕ್ಕೆ ಅದು ಅಪಸ್ಮಾರವೆಂದಲ್ಲ. ರಕ್ತದಲ್ಲಿ ಸಕ್ಕರೆ ಇಳಿದರೂ, ಮಗುವಿಗೆ ಜ್ವರ ಏರಿದರೂ, ಕುಡಿತವನ್ನು ಹಠಾತ್ತನೆ ನಿಲ್ಲಿಸಿದರೂ, ಮೆದುಳಿಗೆ ಲಾಡಿಹುಳುವಿನ ಮರಿ ಸೇರಿದರೂ ಬರಬಹುದು. ಅಪಸ್ಮಾರವೇ ಆಗಿದ್ದರೂ ಸರಿಯಾದ ಮಾತ್ರೆಗಳಿಂದ ಹತ್ತರಲ್ಲಿ ಸುಮಾರು ಏಳು ಮಂದಿಗೆ ಹತೋಟಿಗೆ ಬರುತ್ತದೆ. ಒಂದು ಬಗೆಯ ಫಿಟ್ಸಿಗೆ ಹಿತವಾದ ಮಾತ್ರೆ ಇನ್ನೊಂದು ಬಗೆಯದನ್ನು ಕೆರಳಿಸಬಹುದಾದ್ದರಿಂದ, ಬಗೆ ಯಾವುದೆಂದು ವೈದ್ಯರಿಗೆ ತಿಳಿಯಲೇಬೇಕು.

ಆದ್ದರಿಂದ ವೈದ್ಯರ ಭೇಟಿಗೆ ಮೊದಲು ಒಂದು ಹಾಳೆ ತೆಗೆದುಕೊಂಡು ಬರೆಯೋಣ. ಯಾವ ದಿನ, ಎಷ್ಟು ಹೊತ್ತಿಗೆ, ನಿದ್ದೆಯಲ್ಲೋ ಎಚ್ಚರದಲ್ಲೋ? ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ? ಮೊದಲು ಅಲುಗಿದ್ದು ಯಾವ ಅಂಗ, ಯಾವ ಪಕ್ಕ? ತಲೆ, ಕಣ್ಣು ಎತ್ತ ತಿರುಗಿದವು? ಗಡಿಯಾರದಲ್ಲಿ ಎಷ್ಟು ನಿಮಿಷ? ನಾಲಿಗೆ ಕಚ್ಚಿತೆ, ಮೂತ್ರ ಹೋಯಿತೆ? ಮಾತು ಸರಿಹೋಗಲು ಎಷ್ಟು ಹೊತ್ತಾಯಿತು? ಬಾಲ್ಯದಲ್ಲಿ ಜ್ವರದ ಫಿಟ್ಸ್ ಬಂದಿತ್ತೆ, ತಲೆಗೆ ಪೆಟ್ಟಾಗಿತ್ತೆ, ವಂಶದಲ್ಲಿ ಯಾರಿಗಾದರೂ ಇತ್ತೆ? ಈ ಕೊನೆಯ ಮಾತುಗಳಿಗೆ ಊರಿನಲ್ಲಿರುವ ಅಜ್ಜಿಗೋ ದೊಡ್ಡಪ್ಪನಿಗೋ ಫೋನು ಮಾಡಿ ಕೇಳಬೇಕು. ನೋಡಿದವರು ಪಕ್ಕದ ಮನೆಯವರಾಗಿದ್ದರೆ ಅವರನ್ನೇ ಕರೆದುಕೊಂಡು ಹೋಗೋಣ. ಯಾರಾದರೂ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರೆ ಅದನ್ನೂ, ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ, ನಾಟಿ ಔಷಧಿಯಿದ್ದರೆ ಅದನ್ನೂ ಒಯ್ಯೋಣ. ವೈದ್ಯರು ಹೇಳುವವರೆಗೆ ವಾಹನ ಓಡಿಸುವುದು, ಈಜು, ಎತ್ತರದ ಕೆಲಸ ಬೇಡ.

ಮತ್ತೆ ಬಂದರೆ ಕಬ್ಬಿಣ ಬೇಡ, ಬಾಯಿಗೆ ಚಮಚವೂ ಬೇಡ. ಪಕ್ಕಕ್ಕೆ ಮಗ್ಗುಲಾಗಿಸಿ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಇಲ್ಲವೆ ಎಚ್ಚರವಾಗುವ ಮೊದಲೇ ಇನ್ನೊಮ್ಮೆ ಬಂದರೆ, ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಬಾಬಿಲೋನಿನವರು ದೆವ್ವವನ್ನು ನಂಬಿಯೂ ಕಂಡದ್ದನ್ನು ಬರೆದಿಟ್ಟರು. ದೆವ್ವವನ್ನು ನಂಬದ ನಾವು ನಾಚಿಕೆಗೆ ಅಂಜಿ ಬರೆಯದೆ ಬಿಡುವುದು ಸಲ್ಲದು.